ಜನರ ವಯಸ್ಸನ್ನು ಎಣಿಸಿದ ಖಗೋಳ ವಿಜ್ಞಾನಿ: ಎಡ್ಮಂಡ್ ಹ್ಯಾಲಿ

ಅಭ್ಯಾಸ ಬೋಧನೆಯ ಮೂರನೇ ವಾರದಲ್ಲಿ ಹತ್ತನೇ ತರಗತಿಗೆ ಸಂಖ್ಯಾಶಾಸ್ತ್ರ ಘಟಕವನ್ನು ಬೋಧಿಸುವ ಸರದಿ ನನ್ನದಾಗಿತ್ತು. ವರ್ಗೀಕೃತ ದತ್ತಾಂಶದ ಮಧ್ಯಾಂಕ ಕಂಡುಹಿಡಿಯುವ ಸೂತ್ರ ಮಕ್ಕಳಿಗೆ ಬಾಯಿಪಾಠವಾಗಿತ್ತು. ಅದರಿಂದ ಏನು ಪ್ರಯೋಜನ ಎಂದು ಕೇಳಿದಾಗ ಮಾತ್ರ ಇಡೀ ತರಗತಿ ಸುಮ್ಮನಾಯಿತು. ನಿಜ ಹೇಳಬೇಕೆಂದರೆ ನನ್ನ ಬಳಿಯೂ ಒಳ್ಳೆಯ ಉತ್ತರ ಇರಲಿಲ್ಲ. ಪಾಠ ವೀಕ್ಷಣೆಗೆ ಬಂದಿದ್ದ ನಮ್ಮ ಮಾರ್ಗದರ್ಶಕ ಉಪನ್ಯಾಸಕರು, ನಿಜವಾದ ಒಂದು ಕೋಷ್ಟಕವನ್ನೂ ಅದನ್ನು ರಚಿಸಿದವರ ಜೀವನವನ್ನೂ ಹುಡುಕಿಕೊಂಡು ಬಂದು ಪಾಠವನ್ನು ಮತ್ತೊಮ್ಮೆ ಮಾಡುವಂತೆ ಸೂಚಿಸಿದರು. ಹುಡುಕಿದಾಗ ಸಿಕ್ಕಿದ ಹೆಸರು ಎಡ್ಮಂಡ್ ಹ್ಯಾಲಿ. ವಿಜ್ಞಾನದ ಪಾಠದಲ್ಲಿ ಧೂಮಕೇತುವಿನ ಜೊತೆ ಮಾತ್ರ ಕೇಳಿದ್ದ ಈ ಹೆಸರು ಜನಸಂಖ್ಯಾ ಶಾಸ್ತ್ರದ ಮೊದಲ ಪುಟಗಳಲ್ಲಿಯೂ ಇದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಒಂದು ರಾಜ್ಯದಲ್ಲಿ ಯಾವ ವಯಸ್ಸಿನವರು ಎಷ್ಟು ಮಂದಿ ಇದ್ದಾರೆ ಎಂಬುದನ್ನು ತಿಳಿದರೆ ಆ ರಾಜ್ಯದ ಮುಂದಿನ ದಿನಗಳ ಬಗ್ಗೆ ಏನು ಹೇಳಬಹುದು ಎಂಬ ಪ್ರಶ್ನೆಯನ್ನು ಅಂಕಿ ಅಂಶಗಳ ಮೂಲಕ ಕೇಳಿದ ಮೊದಲಿಗರಲ್ಲಿ ಅವರೂ ಒಬ್ಬರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹ್ಯಾಲಿಯವರು 1656ರ ನವೆಂಬರ್‌ನಲ್ಲಿ ಲಂಡನ್ ಸಮೀಪದ ಹ್ಯಾಗರ್‌ಸ್ಟನ್ ಎಂಬಲ್ಲಿ ಜನಿಸಿದರು. ತಂದೆ ಸಾಬೂನು ತಯಾರಿಸಿ ಮಾರುತ್ತಿದ್ದ ಅನುಕೂಲಸ್ಥ ವ್ಯಾಪಾರಿ. ಮಗನ ಓದಿಗೆ ಮತ್ತು ಉಪಕರಣಗಳಿಗೆ ಅವರು ಕೈ ಹಿಡಿಯಲಿಲ್ಲ. ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದಿದ ಬಾಲಕ 1673ರಲ್ಲಿ ಆಕ್ಸ್‌ಫರ್ಡಿನ ಕ್ವೀನ್ಸ್ ಕಾಲೇಜಿಗೆ ಸೇರುವಾಗ ದೂರದರ್ಶಕವೂ ಸೇರಿದಂತೆ ತನ್ನದೇ ಉಪಕರಣಗಳನ್ನು ಕೊಂಡೊಯ್ದಿದ್ದ.

ಪದವಿ ಮುಗಿಯುವ ಮೊದಲೇ, ಇಪ್ಪತ್ತನೇ ವಯಸ್ಸಿನಲ್ಲಿ, ಹ್ಯಾಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗು ಹತ್ತಿ ದಕ್ಷಿಣ ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪಕ್ಕೆ ಹೊರಟರು. ಇಂಗ್ಲೆಂಡಿನಿಂದ ಕಾಣದ ದಕ್ಷಿಣ ಆಕಾಶದ ನಕ್ಷತ್ರಗಳನ್ನು ಗುರುತಿಸುವುದು ಅವರ ಉದ್ದೇಶ. ಮೋಡ ಮುಸುಕಿದ ಹವೆಯಲ್ಲಿಯೂ ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದು 341 ನಕ್ಷತ್ರಗಳ ಸ್ಥಾನವನ್ನು ಅಳೆದು ತಂದರು. ಬಿಟ್ಟು ಹೋದ ಪದವಿಯನ್ನು ದೊರೆ ಎರಡನೇ ಚಾರ್ಲ್ಸ್ ಆದೇಶದ ಮೇಲೆ ವಿಶ್ವವಿದ್ಯಾಲಯ ನೀಡಿತು. ಅದೇ ಸಮಯದಲ್ಲಿ, 22ನೇ ವಯಸ್ಸಿಗೆ, ರಾಯಲ್ ಸೊಸೈಟಿಯ ಸದಸ್ಯತ್ವವೂ ಬಂತು.

1682ರಲ್ಲಿ ಮೇರಿ ಟೂಕ್ ಅವರೊಂದಿಗೆ ವಿವಾಹವಾಯಿತು. ಎರಡು ವರ್ಷಗಳಲ್ಲೇ ತಂದೆ ತೀರಿಕೊಂಡರು. ಮನೆಯ ಹಣದ ಆಸರೆ ಕಡಿಮೆಯಾಯಿತು. ಅದೇ 1684ರ ಬೇಸಿಗೆಯಲ್ಲಿ ಅವರು ಕೇಂಬ್ರಿಜ್‌ಗೆ ಹೋಗಿ ಐಸಾಕ್ ನ್ಯೂಟನ್ ಅವರನ್ನು ಕಂಡು, ಗ್ರಹಗಳ ಪಥದ ಬಗ್ಗೆ ಪ್ರಶ್ನೆ ಕೇಳಿದರು. ಆ ಭೇಟಿಯ ಫಲವೇ ಪ್ರಿನ್ಸಿಪಿಯಾ ಗ್ರಂಥ. ಮೀನುಗಳ ಕುರಿತ ದುಬಾರಿ ಪುಸ್ತಕವೊಂದನ್ನು ಅಚ್ಚು ಹಾಕಿಸಿ ಖಜಾನೆ ಬರಿದು ಮಾಡಿಕೊಂಡಿದ್ದ ರಾಯಲ್ ಸೊಸೈಟಿಗೆ ನ್ಯೂಟನ್ನರ ಗ್ರಂಥ ಮುದ್ರಿಸಲು ಹಣ ಇರಲಿಲ್ಲ. ಹ್ಯಾಲಿ ಸ್ವಂತ ಖರ್ಚಿನಲ್ಲಿ 1687ರಲ್ಲಿ ಅದನ್ನು ಮುದ್ರಿಸಿದರು. ಸೊಸೈಟಿಯ ಗುಮಾಸ್ತರಾಗಿ ಅವರಿಗೆ ಬರಬೇಕಿದ್ದ ಸಂಬಳದ ಬದಲು ಮಾರಾಟವಾಗದೆ ಉಳಿದಿದ್ದ ಆ ಮೀನಿನ ಪುಸ್ತಕದ ಪ್ರತಿಗಳೇ ಬಂದವು. ಸಂಬಳ ತಡವಾಗಿ ಬರುವುದನ್ನು ಕಂಡ ಅತಿಥಿ ಶಿಕ್ಷಕರಿಗೆ ಈ ಸಂಗತಿ ಬೇಗ ಅರ್ಥವಾಗುತ್ತದೆ.

ಬ್ರೆಸ್ಲಾ ನಗರದ ದಾಖಲೆಗಳು

ಹ್ಯಾಲಿಗೂ ಮೊದಲು, 1662ರಲ್ಲಿ, ಲಂಡನ್ನಿನ ಜಾನ್ ಗ್ರಾಂಟ್ ಎಂಬ ಜವಳಿ ವ್ಯಾಪಾರಿ ಆ ನಗರದ ಸಾವಿನ ಪಟ್ಟಿಗಳನ್ನು ಅಧ್ಯಯನ ಮಾಡಿ ಒಂದು ಪುಸ್ತಕ ಬರೆದಿದ್ದರು. ಆದರೆ ಆ ಪಟ್ಟಿಗಳಲ್ಲಿ ಸತ್ತವರ ವಯಸ್ಸು ಇರಲಿಲ್ಲ. ಅಲ್ಲದೆ ಲಂಡನ್‌ಗೆ ಹೊರಗಿನಿಂದ ಜನ ಬಂದು ಸೇರುತ್ತಲೇ ಇದ್ದರು. ಎಲ್ಲೋ ಹುಟ್ಟಿದವರು ಇಲ್ಲಿ ಬಂದು ಸತ್ತರೆ, ಹುಟ್ಟಿಗೂ ಸಾವಿಗೂ ತಾಳೆ ನೋಡುವುದು ಹೇಗೆ? ವಲಸೆ ಕಡಿಮೆ ಇರುವ, ಸತ್ತವರ ವಯಸ್ಸನ್ನು ಬರೆದಿಟ್ಟಿರುವ ಒಂದು ಊರು ಬೇಕಿತ್ತು.

ಅಂತಹ ಊರು ಸೈಲೀಷಿಯಾ ಪ್ರಾಂತ್ಯದ ಬ್ರೆಸ್ಲಾ. ಸಮುದ್ರದಿಂದ ದೂರದಲ್ಲಿದ್ದ, ನಾರುಬಟ್ಟೆಯ ಕೈಗಾರಿಕೆಗೆ ಹೆಸರಾಗಿದ್ದ ಆ ನಗರ ಇಂದು ಪೋಲೆಂಡ್ ದೇಶದಲ್ಲಿದೆ. ಅಲ್ಲಿನ ಪಾದ್ರಿ ಕ್ಯಾಸ್ಪರ್ ನಾಯ್ಮನ್, ಜನನ ಮರಣಗಳ ದಾಖಲೆಗಳನ್ನು ವಯಸ್ಸಿನೊಂದಿಗೆ ಜೋಡಿಸಿಟ್ಟಿದ್ದರು. ಮನುಷ್ಯನಿಗೆ 49, 63 ಮುಂತಾದ ವಯಸ್ಸುಗಳು ಗಂಡಾಂತರದವು ಎಂದು ಜನ ನಂಬಿದ್ದರು. ಅದು ನಿಜವೇ ಎಂದು ದಾಖಲೆಗಳಿಂದಲೇ ಪರೀಕ್ಷಿಸುವುದು ನಾಯ್ಮನ್ನರ ಆಸಕ್ತಿಗಳಲ್ಲಿ ಒಂದಾಗಿತ್ತು. ಗಣಿತಜ್ಞ ಲೈಬ್ನಿಜ್ ಅವರ ಸಂಪರ್ಕದ ಮೂಲಕ ಆ ಮಾಹಿತಿ ಲಂಡನ್‌ನ ರಾಯಲ್ ಸೊಸೈಟಿಗೆ ತಲುಪಿ, ಹ್ಯಾಲಿಯ ಕೈ ಸೇರಿತು.

1687ರಿಂದ 1691ರವರೆಗಿನ ಐದು ವರ್ಷಗಳಲ್ಲಿ ಬ್ರೆಸ್ಲಾದಲ್ಲಿ 6,193 ಜನನ, 5,869 ಮರಣ. ಸರಾಸರಿಯಲ್ಲಿ ವರ್ಷಕ್ಕೆ 1,238 ಮಕ್ಕಳು ಹುಟ್ಟುತ್ತಿದ್ದರು, 1,174 ಜನ ಸಾಯುತ್ತಿದ್ದರು. ಹೆಚ್ಚಾಗಿ ಉಳಿಯುವ 64 ಮಂದಿ ಬಹುಶಃ ಚಕ್ರವರ್ತಿಯ ಸೈನ್ಯಕ್ಕೆ ಹೋಗುತ್ತಿರಬಹುದು ಎಂದು ಹ್ಯಾಲಿ ಊಹಿಸಿದರು. ಅಂದರೆ ನಗರದ ಜನಸಂಖ್ಯೆ ಹೆಚ್ಚೂಕಡಿಮೆ ಸ್ಥಿರ. ಈ ಊಹೆಯ ಮೇಲೆ ಅವರು ಒಂದೊಂದು ವಯಸ್ಸಿನಲ್ಲಿ ಎಷ್ಟು ಜನ ಜೀವಂತವಾಗಿ ಉಳಿಯುತ್ತಾರೆ ಎಂಬ ಕೋಷ್ಟಕವನ್ನು ಕಟ್ಟಿದರು. 1693ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಇಂದು ನಾವು ಜೀವಿತ ಕೋಷ್ಟಕ ಎಂದು ಕರೆಯುವುದಕ್ಕೆ ಅದೇ ಮಾದರಿ.

ನಗರದ ಒಟ್ಟು ಜನರನ್ನು ಅವರು ಏಳೇಳು ವರ್ಷಗಳ ಗುಂಪುಗಳಾಗಿ ಹೀಗೆ ವಿಂಗಡಿಸಿದರು:

7 ವರ್ಷದವರೆಗೆ – 5,547
7ರಿಂದ 14 – 4,584
14ರಿಂದ 21 – 4,270
21ರಿಂದ 28 – 3,964
28ರಿಂದ 35 – 3,604
35ರಿಂದ 42 – 3,178
42ರಿಂದ 49 – 2,709
49ರಿಂದ 56 – 2,194
56ರಿಂದ 63 – 1,694
63ರಿಂದ 70 – 1,204
70ರಿಂದ 77 – 692
77ರಿಂದ 84 – 253
84ರಿಂದ 100 – 107
ಒಟ್ಟು – 34,000

ಅಂಕಿಗಳಿಂದ ರಾಜ್ಯಕ್ಕೆ ತಿಳಿಯುವುದೇನು

ಈ ಕೋಷ್ಟಕವನ್ನು ಮುಂದಿಟ್ಟುಕೊಂಡು ಹ್ಯಾಲಿ ಕೇಳಿದ ಪ್ರಶ್ನೆಗಳು ಖಗೋಳ ವಿಜ್ಞಾನಿಯವಲ್ಲ, ರಾಜ್ಯದ ಆಡಳಿತಗಾರನವು. ಮೊದಲನೆಯದು ಆ ಕಾಲದ ದೊರೆಗಳ ಚಿಂತೆ: ಯುದ್ಧಕ್ಕೆ ಎಷ್ಟು ಗಂಡಸರು ಸಿಗುತ್ತಾರೆ? 18ರಿಂದ 56 ವರ್ಷದೊಳಗಿನವರು 18,053 ಮಂದಿ. ಅವರಲ್ಲಿ ಅರ್ಧದಷ್ಟು, ಎಂದರೆ ಸುಮಾರು 9,027 ಗಂಡಸರು. ಇದು ಒಟ್ಟು ಜನರ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಒಟ್ಟು ಜನಸಂಖ್ಯೆ ಎಷ್ಟು ಎಂಬುದಕ್ಕಿಂತ ಅದರಲ್ಲಿ ದುಡಿಯುವ ವಯಸ್ಸಿನವರು ಎಷ್ಟು ಎಂಬುದು ರಾಜ್ಯಕ್ಕೆ ಮುಖ್ಯ ಎಂಬ ತಿಳಿವಳಿಕೆ ಇದರಲ್ಲಿದೆ.

ಎರಡನೆಯದು ಜನನ. ಮಕ್ಕಳನ್ನು ಹೆರಬಲ್ಲ ವಯಸ್ಸಿನ ಮಹಿಳೆಯರು ನಗರದಲ್ಲಿ ಸುಮಾರು 7,000 ಇದ್ದರೂ ವರ್ಷಕ್ಕೆ ಹುಟ್ಟುವ ಮಕ್ಕಳು 1,238 ಮಾತ್ರ, ಅಂದರೆ ಆರರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು. ಇದಕ್ಕೆ ಕಾರಣ ಪ್ರಕೃತಿಯಲ್ಲ, ಕುಟುಂಬ ಸಾಕುವ ಕಷ್ಟಕ್ಕೆ ಹೆದರಿ ಜನ ಮದುವೆಗೆ ಹಿಂಜರಿಯುವುದು ಎಂದು ಹ್ಯಾಲಿ ಹೇಳಿದರು. ಎಲ್ಲರೂ ಭೂಮಿಯಿಂದಲೇ ಉಣ್ಣಬೇಕು, ಆದರೆ ಭೂಮಿಯ ಒಡೆಯರು ಕೆಲವರೇ ಎಂಬ ಅಸಮಾನತೆಯನ್ನೂ ಗುರುತಿಸಿದರು. ಮದುವೆಯಾಗದವರ ಮೇಲೆ ಹೆಚ್ಚು ತೆರಿಗೆ ಹಾಕಬೇಕೆಂಬ ಅವರ ಸಲಹೆ ನಮಗೆ ಒಪ್ಪಿಗೆಯಾಗದು. ಆದರೆ ಬಡವರಿಗೆ ಕೆಲಸ ಒದಗಿಸುವುದೇ ಮುಖ್ಯ ಪರಿಹಾರ ಎಂಬ ಮಾತು ಇಂದಿಗೂ ಯೋಚಿಸಬೇಕಾದದ್ದು.

ಮೂರನೆಯದು ವರ್ಷಾಶನ. ಫ್ರಾನ್ಸ್ ಜೊತೆಗಿನ ಯುದ್ಧಕ್ಕೆ ಹಣ ಬೇಕಾಗಿ ಇಂಗ್ಲೆಂಡಿನ ಸರ್ಕಾರ ಜನರಿಂದ ಇಡುಗಂಟು ಪಡೆದು, ಬದುಕಿರುವವರೆಗೆ ಪ್ರತಿ ವರ್ಷ ಹಣ ಕೊಡುವ ಯೋಜನೆ ತಂದಿತ್ತು. 100 ಪೌಂಡ್ ಕೊಟ್ಟರೆ ವರ್ಷಕ್ಕೆ 14 ಪೌಂಡ್. ಹತ್ತು ವರ್ಷದ ಬಾಲಕನಿಗೂ ಎಪ್ಪತ್ತರ ಮುದುಕನಿಗೂ ಒಂದೇ ದರ. ಅಂದರೆ ಒಂದು ವರ್ಷದ ಮೊತ್ತದ ಸುಮಾರು ಏಳು ಪಟ್ಟು ಕೊಟ್ಟರೆ ಜೀವನಪೂರ್ತಿ ಹಣ. ಶೇ. 6ರ ಬಡ್ಡಿ ಹಿಡಿದು ಹ್ಯಾಲಿ ನ್ಯಾಯವಾದ ಬೆಲೆಯನ್ನು ಲೆಕ್ಕ ಹಾಕಿದರು. ಹತ್ತು ವರ್ಷದವನಿಗೆ ಅದು 13.44 ಪಟ್ಟು, 40 ವರ್ಷದವನಿಗೆ 10.57 ಪಟ್ಟು, 60ಕ್ಕೆ 7.60 ಪಟ್ಟು, 70ಕ್ಕೆ 5.32 ಪಟ್ಟು. ಮಕ್ಕಳ ಹೆಸರಿನಲ್ಲಿ ಯೋಜನೆ ಕೊಳ್ಳುವವರಿಗೆ ರಾಜ್ಯ ಸುಮಾರು ಅರ್ಧ ಬೆಲೆಗೆ ಮಾರುತ್ತಿತ್ತು. ಆ ನಷ್ಟ ಮುಂದಿನ ತಲೆಮಾರಿನ ತೆರಿಗೆದಾರರ ಮೇಲೆ ಬೀಳುವಂಥದ್ದು. ಲೆಕ್ಕ ಸಿದ್ಧವಿದ್ದರೂ ಸರ್ಕಾರ ಅದನ್ನು ಬಳಸಲಿಲ್ಲ. 1725ರಲ್ಲಿ ಗಣಿತಜ್ಞ ಡಿ ಮೊಯಿವ್ರ್ ಈ ಕೋಷ್ಟಕವನ್ನು ಆಧರಿಸಿ ವರ್ಷಾಶನದ ಪುಸ್ತಕ ಬರೆದರು. ವಯಸ್ಸಿಗೆ ತಕ್ಕ ಕಂತು ಪಡೆಯುವ ವಿಮಾ ಸಂಸ್ಥೆ ಲಂಡನ್‌ನಲ್ಲಿ ಪ್ರಾರಂಭವಾದದ್ದು 1762ರಲ್ಲಿ.

ಕೋಷ್ಟಕದಲ್ಲಿ ಇನ್ನೊಂದು ಸಂಗತಿ ಇದೆ. ಹುಟ್ಟಿದ 1,238 ಮಕ್ಕಳಲ್ಲಿ 348 ಮಕ್ಕಳು ಮೊದಲ ಹುಟ್ಟುಹಬ್ಬಕ್ಕೂ ಮುನ್ನ ತೀರಿಕೊಳ್ಳುತ್ತಿದ್ದರು. 17 ವರ್ಷ ತುಂಬುವಷ್ಟರಲ್ಲಿ ಉಳಿಯುತ್ತಿದ್ದವರು 616, ಅಂದರೆ ಅರ್ಧ. ಆಯಸ್ಸು ಕಡಿಮೆಯಾಯಿತೆಂದು ಗೊಣಗುವ ಬದಲು ಇಷ್ಟು ದಿನ ಬದುಕಿದ್ದಕ್ಕೆ ನೆಮ್ಮದಿ ಪಡಬೇಕು ಎಂಬ ಅರ್ಥದ ಮಾತನ್ನು ಹ್ಯಾಲಿ ತಮ್ಮ ಬರಹದ ಕೊನೆಯ ಭಾಗದಲ್ಲಿ ಸೇರಿಸಿದ್ದಾರೆ.

ತಾವು ಕಾಣದ ಕಾಲಕ್ಕಾಗಿ ಕೆಲಸ

1698ರಿಂದ 1700ರ ನಡುವೆ ಹ್ಯಾಲಿ ಪ್ಯಾರಮೋರ್ ಎಂಬ ಸಣ್ಣ ಹಡಗಿನ ಕಪ್ತಾನರಾಗಿ ಅಟ್ಲಾಂಟಿಕ್‌ನಲ್ಲಿ ದಿಕ್ಸೂಚಿಯ ವ್ಯತ್ಯಾಸಗಳನ್ನು ಅಳೆದರು. 1704ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜ್ಯಾಮಿತಿಯ ಪ್ರಾಧ್ಯಾಪಕರಾದರು. 1531, 1607 ಮತ್ತು 1682ರಲ್ಲಿ ಕಂಡದ್ದು ಒಂದೇ ಧೂಮಕೇತು ಎಂದು 1705ರಲ್ಲಿ ತೋರಿಸಿ, ಅದು 1758ರ ಸುಮಾರಿಗೆ ಮರಳುತ್ತದೆ ಎಂದರು. ಶುಕ್ರ ಸಂಕ್ರಮಣದಿಂದ ಸೂರ್ಯನ ದೂರವನ್ನು ಅಳೆಯುವ ವಿಧಾನವನ್ನು 1716ರಲ್ಲಿ ಬರೆದು, 1761ರ ಸಂಕ್ರಮಣವನ್ನು ತಪ್ಪದೆ ನೋಡುವಂತೆ ಮುಂದಿನವರಿಗೆ ಒಪ್ಪಿಸಿದರು. ಎರಡೂ ಘಟನೆಗಳನ್ನು ನೋಡಲು ಅವರು ನೂರು ವರ್ಷ ದಾಟಬೇಕಿತ್ತು.

1720ರಲ್ಲಿ, 63 ವರ್ಷ ತುಂಬಿದ ಮೇಲೆ, ಅವರು ಗ್ರೀನಿಚ್ ವೀಕ್ಷಣಾಲಯದ ರಾಜ ಖಗೋಳಜ್ಞರಾಗಿ ನೇಮಕಗೊಂಡರು. ಹಿಂದಿನವರ ಉಪಕರಣಗಳನ್ನು ಅವರ ಮನೆಯವರು ಕೊಂಡೊಯ್ದಿದ್ದರಿಂದ ಕಟ್ಟಡ ಖಾಲಿಯಾಗಿತ್ತು. ಸರ್ಕಾರದಿಂದ 500 ಪೌಂಡ್ ಪಡೆದು ಹೊಸ ಉಪಕರಣ ಕೂಡಿಸಿದರು. ಚಂದ್ರನ ಚಲನೆಯ ಒಂದು ಪೂರ್ಣ ಆವರ್ತ ಮುಗಿಯಲು 18 ವರ್ಷ ಬೇಕು. ಆ 18 ವರ್ಷದ ವೀಕ್ಷಣೆಯನ್ನು ಅವರು ಪ್ರಾರಂಭಿಸಿದ್ದು 1722ರಲ್ಲಿ, 65ನೇ ವಯಸ್ಸಿನಲ್ಲಿ. ಅವರದೇ ಕೋಷ್ಟಕವನ್ನು ತೆರೆದು ನೋಡಿದೆ. 65ರಲ್ಲಿ ಬದುಕಿದ್ದ 192 ಮಂದಿಯಲ್ಲಿ 83ನೇ ವರ್ಷ ಕಾಣುವವರು 23, ಅಂದರೆ ಎಂಟರಲ್ಲಿ ಒಬ್ಬರು. ಈ ಲೆಕ್ಕ ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಆಗ ಯಾರೂ ಇರಲಿಲ್ಲ. ಆದರೂ ಆರಂಭಿಸಿದರು, ಮುಗಿಸಿಯೂ ಬಿಟ್ಟರು. ಈ ನಡುವೆ 1729ರಲ್ಲಿ ವೀಕ್ಷಣಾಲಯಕ್ಕೆ ಬಂದ ರಾಣಿ ಕ್ಯಾರೊಲಿನ್, ಅವರು ಹಿಂದೆ ನೌಕಾಪಡೆಯ ಕಪ್ತಾನರಾಗಿದ್ದರೆಂದು ತಿಳಿದು, ಆ ಹುದ್ದೆಯ ಅರ್ಧ ವೇತನ ಜೀವನಪೂರ್ತಿ ಸಿಗುವಂತೆ ಮಾಡಿದರು.

1736ರಲ್ಲಿ ಪತ್ನಿ ತೀರಿಕೊಂಡರು. ಮಗನೂ ತಂದೆಗಿಂತ ಮೊದಲೇ ಹೋದ. ಬಲಗೈಗೆ ಪಾರ್ಶ್ವವಾಯು ತಗುಲಿತು. 1742ರ ಜನವರಿಯಲ್ಲಿ, 85ನೇ ವಯಸ್ಸಿನಲ್ಲಿ, ಹ್ಯಾಲಿ ಕೊನೆಯುಸಿರೆಳೆದರು. ಅವರ ಕೋಷ್ಟಕದಲ್ಲಿ ವರ್ಷವಾರು ಅಂಕಿಗಳು 84ಕ್ಕೆ ನಿಲ್ಲುತ್ತವೆ. 1758ರ ಡಿಸೆಂಬರ್ 25ರಂದು ಜರ್ಮನಿಯ ಒಬ್ಬ ರೈತ, ಹವ್ಯಾಸಿ ಖಗೋಳ ವೀಕ್ಷಕ, ಹಿಂತಿರುಗಿದ ಧೂಮಕೇತುವನ್ನು ಮೊದಲು ಕಂಡ.

ನಮ್ಮ ತರಗತಿಗೆ, ನಮ್ಮ ರಾಜ್ಯಕ್ಕೆ

ಎರಡನೇ ಬಾರಿ ಪಾಠ ಮಾಡಿದಾಗ ಬ್ರೆಸ್ಲಾದ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಮಧ್ಯಾಂಕ ಕಂಡುಹಿಡಿಯಲು ಹೇಳಿದೆ. ಒಟ್ಟು ಆವೃತ್ತಿಯ ಅರ್ಧ 17,000. ಸಂಚಿತ ಆವೃತ್ತಿ 21 ವರ್ಷಕ್ಕೆ 14,401, 28 ವರ್ಷಕ್ಕೆ 18,365. ಹಾಗಾಗಿ ಮಧ್ಯಾಂಕ ವರ್ಗಾಂತರ 21–28. ಸೂತ್ರದಲ್ಲಿ ಹಾಕಿದರೆ ಉತ್ತರ ಸುಮಾರು 25.6. ಅಂದರೆ ಆ ನಗರದ ಅರ್ಧ ಜನ ನನ್ನ ವಯಸ್ಸಿಗಿಂತ ಚಿಕ್ಕವರು. 63 ದಾಟಿದವರು 2,256, ಶೇ. 7ಕ್ಕೂ ಕಡಿಮೆ. ಸೂತ್ರ ಅದೇ ಆಗಿದ್ದರೂ ಈ ಸಲ ಮಕ್ಕಳು ಉತ್ತರ ಬಂದ ಮೇಲೆಯೂ ಪ್ರಶ್ನೆ ಕೇಳಿದರು. ಮೊದಲ ವರ್ಷವೇ ಹೋದ ಆ 348 ಮಕ್ಕಳ ಹೆಸರು ಎಲ್ಲಾದರೂ ಇದೆಯೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಎಣಿಕೆ ಶುರುವಾದದ್ದೇ ಒಂದೊಂದು ಸಾವನ್ನು ಬರೆದಿಟ್ಟ ದಾಖಲೆಯಿಂದ, ಕೋಷ್ಟಕಕ್ಕೆ ಬರುವಾಗ ಸಂಖ್ಯೆ ಮಾತ್ರ ಉಳಿಯಿತು ಎಂದು ವಿವರಿಸಿದೆ. ಅಂಕಿಯ ಹಿಂದೆ ಮನುಷ್ಯರಿದ್ದಾರೆ ಎಂಬುದನ್ನು ಪಾಠ ಯೋಜನೆಯ ಉದ್ದೇಶಗಳಲ್ಲಿ ನಾನು ಬರೆದಿರಲಿಲ್ಲ, ಅವಳು ಸೇರಿಸಿದಳು.

ಈಗ ನಮ್ಮ ರಾಜ್ಯವನ್ನು ನೋಡೋಣ. 2001ರಿಂದ 2011ರ ನಡುವೆ ಕರ್ನಾಟಕದ ಜನಸಂಖ್ಯೆ 5.28 ಕೋಟಿಯಿಂದ 6.11 ಕೋಟಿಗೆ ಏರಿತು. ಆದರೆ ಆರು ವರ್ಷದೊಳಗಿನ ಮಕ್ಕಳ ಸಂಖ್ಯೆ ಏರಲಿಲ್ಲ, ಸುಮಾರು 71.8 ಲಕ್ಷದಿಂದ 71.6 ಲಕ್ಷಕ್ಕೆ ತುಸು ಇಳಿಯಿತು. 60 ದಾಟಿದವರು 2011ರಲ್ಲಿ ಶೇ. 9.5ರಷ್ಟಿದ್ದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ದೀರ್ಘಕಾಲ ಇದ್ದಷ್ಟೇ ಉಳಿಯಲು ಬೇಕಾದದ್ದು 2.1. ಬ್ರೆಸ್ಲಾದಲ್ಲಿ ಹುಟ್ಟಿದವರಲ್ಲಿ ಅರ್ಧ ಮಂದಿ 17ರೊಳಗೆ ಹೋಗುತ್ತಿದ್ದರು. ಇಲ್ಲಿ ಹುಟ್ಟುವವರು ಕಡಿಮೆಯಾಗುತ್ತಿದ್ದಾರೆ, ಹುಟ್ಟಿದವರು ಹೆಚ್ಚು ಕಾಲ ಬಾಳುತ್ತಿದ್ದಾರೆ. ಮಕ್ಕಳು ಉಳಿಯುತ್ತಿದ್ದಾರೆ ಎಂಬುದು ದೊಡ್ಡ ಗೆಲುವು. ಅದರ ಜೊತೆಗೇ ಬರುವ ಹೊಣೆಗಳೂ ಇವೆ.

ಆ ಹೊಣೆ ನಮ್ಮ ವೃತ್ತಿಗೇ ನೇರವಾಗಿ ತಟ್ಟುತ್ತದೆ. ನಾನು ಅಭ್ಯಾಸ ಬೋಧನೆ ಮಾಡಿದ ಶಾಲೆಯಲ್ಲಿ ಬೆಂಚುಗಳು ಮಕ್ಕಳಿಗಿಂತ ಹೆಚ್ಚಿದ್ದವು. ಖಾಸಗಿ ಶಾಲೆಗಳಿಗೆ ಹೋಗುವುದು ಒಂದು ಕಾರಣ, ಊರು ಬಿಟ್ಟು ನಗರಕ್ಕೆ ಹೋಗುವುದು ಇನ್ನೊಂದು. ಆದರೆ ಹುಟ್ಟುವ ಮಕ್ಕಳೇ ಕಡಿಮೆ ಎಂಬುದೂ ಒಂದು ಕಾರಣ. ನೇಮಕಾತಿಗೆ ಕಾಯುತ್ತಿರುವ ನಮ್ಮಂಥವರಿಗೆ ಇದು ಬರೀ ಪಠ್ಯದ ವಿಷಯವಲ್ಲ. ಮಕ್ಕಳ ಸಂಖ್ಯೆ ಇಳಿದಾಗ ಶಾಲೆ ಮುಚ್ಚುವುದೂ ಒಂದು ದಾರಿ. ಅದೇ ಶಿಕ್ಷಕರನ್ನು ಇಟ್ಟುಕೊಂಡು ಒಬ್ಬೊಬ್ಬ ಮಗುವಿಗೂ ಹೆಚ್ಚು ಸಮಯ ಕೊಡುವುದೂ ಒಂದು ದಾರಿ. ಮುಂದೆ ಹೆಚ್ಚು ಹಿರಿಯರ ಭಾರವನ್ನು ಹೊರಬೇಕಾದವರು ಈ ಕಡಿಮೆ ಮಕ್ಕಳೇ ಆಗಿರುವುದರಿಂದ, ಎರಡನೆಯ ದಾರಿಯೇ ರಾಜ್ಯಕ್ಕೂ ಲಾಭ ಎಂದು ನನಗನಿಸುತ್ತದೆ.

ಪಿಂಚಣಿಯ ಲೆಕ್ಕವೂ ಹಾಗೆಯೇ. ಸರ್ಕಾರಿ ಶಿಕ್ಷಕರ ಸಂಬಳದ ಚೀಟಿಯಲ್ಲಿ ಕಾಣುವ ಕೆ.ಜಿ.ಐ.ಡಿ. ಕಡಿತ 1891ರಲ್ಲಿ ಮೈಸೂರು ಸಂಸ್ಥಾನ ತನ್ನ ನೌಕರರಿಗಾಗಿ ಆರಂಭಿಸಿದ ವಿಮೆಯ ಮುಂದುವರಿಕೆ. ಯಾವ ವಯಸ್ಸಿನಲ್ಲಿ ಸೇರಿದರೆ ಎಷ್ಟು ಕಂತು ಎಂಬ ಎಲ್ಲ ವಿಮಾ ಲೆಕ್ಕಗಳ ಹಿಂದೆಯೂ ಹ್ಯಾಲಿಯ ಬಗೆಯ ಕೋಷ್ಟಕವಿದೆ. ಈ ವರ್ಷ ಹುಟ್ಟಿದವರು ಆರು ವರ್ಷಗಳ ನಂತರ ಒಂದನೇ ತರಗತಿಗೆ ಬರುತ್ತಾರೆ. ಮುಂದಿನ 35 ವರ್ಷಗಳಲ್ಲಿ 60 ತುಂಬುವವರೆಲ್ಲ ಈಗಾಗಲೇ 25 ದಾಟಿದವರು. ಹಾಗಾಗಿ ಎಷ್ಟು ಶಾಲೆ, ಎಷ್ಟು ದಾದಿಯರು, ಎಷ್ಟು ಪಿಂಚಣಿ ಬೇಕೆಂದು ಮೊದಲೇ ಅಂದಾಜು ಮಾಡಬಹುದು. 1693ರ ಸರ್ಕಾರದಂತೆ ಲೆಕ್ಕ ಕೈಯಲ್ಲಿದ್ದೂ ನೋಡದಿದ್ದರೆ ತಪ್ಪು ಕೋಷ್ಟಕದ್ದಲ್ಲ.

ಹ್ಯಾಲಿಯ ಕೋಷ್ಟಕಕ್ಕೂ ಮಿತಿಯಿದೆ ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು. ಅದು ಸ್ಥಿರವಾದ, ವಲಸೆಯಿಲ್ಲದ ಊರನ್ನು ಊಹಿಸಿಕೊಳ್ಳುತ್ತದೆ. ಲಂಡನ್ನಿನಂತೆ ಬೆಂಗಳೂರು ಸಹ ಹೊರಗಿನಿಂದ ಬಂದವರಿಂದ ಬೆಳೆಯುವ ನಗರ, ನಮ್ಮ ಹಳ್ಳಿಗಳು ಯುವಕರನ್ನು ಕಳುಹಿಸುವ ಊರುಗಳು. ಒಂದೇ ರಾಜ್ಯದೊಳಗೆ ಎರಡಕ್ಕೂ ಬೇರೆ ಬೇರೆ ಕೋಷ್ಟಕ ಬೇಕು.

ಈ ಪಾಠವನ್ನು ಬಳಸಲು ಬಯಸುವ ಸಹಪಾಠಿಗಳಿಗೆ ಒಂದು ಸೂಚನೆ. ಚಟುವಟಿಕೆಯಾಗಿ ಮಕ್ಕಳಿಂದ ತಮ್ಮ ಬೀದಿಯ ಜನರ ವಯಸ್ಸನ್ನು, ಹೆಸರಿಲ್ಲದೆ, ಹತ್ತು ವರ್ಷದ ವರ್ಗಾಂತರಗಳಲ್ಲಿ ಬರೆಸಿ ಮಧ್ಯಾಂಕ ತೆಗೆಸಬಹುದು. ಮನೆಯಲ್ಲಿ ಆದ ಸಾವುಗಳ ಬಗ್ಗೆ ಕೇಳುವುದು ಬೇಡ. ಅದಕ್ಕೆ ಬ್ರೆಸ್ಲಾದ ಅಂಕಿಗಳು ಸಾಕು. ನನ್ನ ತರಗತಿಯ ಮಕ್ಕಳು ತಂದ ಪಟ್ಟಿಗಳಲ್ಲಿ ಮೂರು ಬೀದಿಗಳ ಮಧ್ಯಾಂಕ 40 ದಾಟಿತ್ತು. ಅದು ಏಕೆ ಎಂದು ನಾನು ಕೇಳುವ ಮೊದಲೇ ಅವರು ಊರು ಬಿಟ್ಟು ಹೋದ ಅಣ್ಣ ಅಕ್ಕಂದಿರನ್ನು ಎಣಿಸತೊಡಗಿದರು.